ಟಿಕೆಟ್ ಇಲ್ಲದೆ ಚಿತ್ರೋತ್ಸವ ನಡೆಯುವುದು ಹೇಗೆ? ದಾವಣಗೆರೆಯಲ್ಲಿ ಸಾಧ್ಯವೇ?

ಖಂಡಿತ ಸಾಧ್ಯ. ಇಂಥ ಉತ್ಸವದ ಖರ್ಚನ್ನು ಪ್ರಾಯೋಜಕರ ಬದಲು ಊರಿನವರೇ ಹಂಚಿಕೊಳ್ಳುತ್ತಾರೆ: ಒಬ್ಬರು ಸಭಾಂಗಣ ಬಿಟ್ಟುಕೊಟ್ಟರೆ ಇನ್ನೊಬ್ಬರು ಪ್ರೊಜೆಕ್ಟರ್ ತರುತ್ತಾರೆ, ಮತ್ತೊಬ್ಬರು ಬಂದ ನಿರ್ದೇಶಕರನ್ನು ಮನೆಯಲ್ಲೇ ಉಳಿಸಿಕೊಳ್ಳುತ್ತಾರೆ, ಉಳಿದದ್ದನ್ನು ಬಾಗಿಲ ಬಳಿಯ ಕಾಣಿಕೆ ಡಬ್ಬಿ ತುಂಬಿಕೊಡುತ್ತದೆ. 2006ರಲ್ಲಿ ಗೋರಖ್‌ಪುರದಲ್ಲಿ ಆರಂಭವಾದ ‘ಪ್ರತಿರೋಧ್ ಕಾ ಸಿನಿಮಾ’ ಉತ್ಸವಗಳು ಕಂಪನಿಗಳ ಹಣ ಮುಟ್ಟದೆ ಜನರ ದೇಣಿಗೆಯಿಂದಲೇ ನಡೆದಿವೆ.

ಚಿತ್ರಗಳು ಸಿಗುವುದು ನೀವು ಊಹಿಸಿದಷ್ಟು ಕಷ್ಟವಲ್ಲ. ಪ್ರಾಯೋಗಿಕ ಚಿತ್ರಗಳಿಗೆ, ಅಂದರೆ ಕಥೆಗಿಂತ ಬಿಂಬ ಮತ್ತು ಶಬ್ದಗಳನ್ನೇ ನೆಚ್ಚಿಕೊಂಡ ಚಿತ್ರಗಳಿಗೆ, ವಿತರಕರು ದೊರೆಯುವುದೇ ಅಪರೂಪವಾದ್ದರಿಂದ, ಅವುಗಳ ನಿರ್ದೇಶಕರಲ್ಲಿ ಹಲವರು ಬಾಡಿಗೆ ಕೇಳದೆ, ನೋಡಿ ಮಾತನಾಡುವ ಪ್ರೇಕ್ಷಕರಿದ್ದರೆ ಸಾಕೆಂದು ಪ್ರದರ್ಶನಕ್ಕೆ ಒಪ್ಪುತ್ತಾರೆ. ಆದರೆ ಪ್ರವೇಶ ಉಚಿತವೆಂದ ಮಾತ್ರಕ್ಕೆ ಲಿಖಿತ ಅನುಮತಿಯನ್ನು ಬಿಡುವಂತಿಲ್ಲ.

ಗಳಿಕೆಯ ಹಂಗಿಲ್ಲದಿರುವುದೇ ಇದರ ನಿಜವಾದ ಲಾಭವೆಂದು ನನಗನ್ನಿಸುತ್ತದೆ. ಹತ್ತಿ ಗಿರಣಿಗಳಿಂದ ಹೆಸರಾದ ಈ ಊರಿನಲ್ಲಿ, ಮಾತೇ ಇಲ್ಲದೆ ಹತ್ತು ನಿಮಿಷ ಮಗ್ಗದ ಸದ್ದನ್ನಷ್ಟೇ ಕೇಳಿಸುವ ಚಿತ್ರವೊಂದನ್ನು ಟಿಕೆಟ್ ಕೊಂಡವರು ಸಹಿಸುವುದು ಅನುಮಾನ. ಉಚಿತವಾಗಿ ಬಂದವರು ಅದನ್ನು ನೋಡಿ, ಹೊರಗೆ ಮಂಡಕ್ಕಿ ಮೆಣಸಿನಕಾಯಿ ತಿನ್ನುತ್ತ ಅದರ ಬಗ್ಗೆ ಜಗಳವನ್ನಾದರೂ ಆಡುತ್ತಾರೆ.