ಸಾಗಿಸುವುದು ಸರಿ, ಮರಳಿಸುವುದು ಯಾರಿಗೆ?

ಪ್ರಿಯ ಓದುಗರೇ,

ಯುದ್ಧದಲ್ಲಿ ಹಾಳಾದ ಸ್ಮಾರಕಗಳ ಬಗ್ಗೆ ನಾವು ಪ್ರಕಟಿಸಿದ ಲೇಖನ ಓದಿ ನೀವು ಬರೆದ ಪತ್ರ ತಲುಪಿತು. ನೀವು ಎರಡು ಪ್ರಶ್ನೆ ಕೇಳಿದ್ದೀರಿ. ಅಫ್ಘಾನಿಸ್ತಾನದ ಬಾಮಿಯಾನ್ ಬುದ್ಧರು ಹೋದರು, ಸಿರಿಯಾದ ಪಾಲ್ಮೈರಾದ ಪ್ರಾಚೀನ ಗುಡಿಗಳು ಹೋದವು, ಖಂಡನೆಯ ಹೇಳಿಕೆ ಕೊಡುವುದು ಬಿಟ್ಟು ವಿಶ್ವಸಂಸ್ಥೆಯ ಸಂಸ್ಕೃತಿ ವಿಭಾಗವಾದ ಯುನೆಸ್ಕೊ ಏನು ಮಾಡಿತು? ಅಪಾಯದಲ್ಲಿರುವ ವಸ್ತುಗಳನ್ನು ಮೊದಲೇ ದೊಡ್ಡ ದೇಶಗಳ ಮ್ಯೂಸಿಯಂಗೆ ಸಾಗಿಸಿಬಿಡಬಾರದೇಕೆ?

ಮೊದಲನೆಯದು. ಯುನೆಸ್ಕೊ ಬಳಿ ಸೈನ್ಯವಿಲ್ಲ. ಅದು ನಡೆಯುವುದೇ ಸದಸ್ಯ ದೇಶಗಳ ದುಡ್ಡಿನಲ್ಲಿ, ಆ ದುಡ್ಡಿಗೂ ರಾಜಕೀಯ ಅಂಟಿಕೊಂಡಿದೆ. 2011ರಲ್ಲಿ ಪ್ಯಾಲೆಸ್ಟೀನನ್ನು ಸದಸ್ಯನಾಗಿ ಸೇರಿಸಿಕೊಂಡದ್ದೇ ತಡ, ಅಮೆರಿಕ ತನ್ನ ಪಾಲಿನ ವಂತಿಗೆ ನಿಲ್ಲಿಸಿತು. ಅದಾದ ಮೇಲೆ ಹೊರಗೆ ಹೋಯಿತು, 2023ರಲ್ಲಿ ಒಳಗೆ ಬಂತು, 2025ರಲ್ಲಿ ಮತ್ತೆ ಹೊರಡುತ್ತೇನೆ ಎಂದಿತು. ಇಂಥ ಸಂಸ್ಥೆಯಿಂದ ಪಾಲ್ಮೈರಾ ಕಾಯುವ ಕೆಲಸ ಬಯಸುವುದು ಸ್ವಲ್ಪ ಜಾಸ್ತಿಯೇ ಆಯಿತು.

ಹಾಗಂತ ಕಾನೂನು ಇಲ್ಲವೆಂದಲ್ಲ. 1954ರ ಹೇಗ್ ಒಪ್ಪಂದ ಇದೆ. ಯುದ್ಧದ ಸಮಯದಲ್ಲಿ ಸ್ಮಾರಕಗಳ ಮೇಲೆ ದಾಳಿ ಮಾಡಬಾರದು, ಅವುಗಳನ್ನು ಯುದ್ಧಕ್ಕೆ ಬಳಸಲೂಬಾರದು ಎನ್ನುತ್ತದೆ. ಆದರೆ ಸೇನೆಗೆ ತೀರಾ ಅನಿವಾರ್ಯವಾದರೆ ವಿನಾಯಿತಿ ಉಂಟು ಎಂಬ ಕಿಂಡಿಯನ್ನೂ ಅದೇ ಒಪ್ಪಂದ ಬಿಟ್ಟಿದೆ. ಆ ಕಿಂಡಿ ಎಷ್ಟು ಅಗಲ ಎಂಬುದಕ್ಕೆ ಬೋಸ್ನಿಯಾದ ಮೋಸ್ಟಾರ್ ಸೇತುವೆ ನೋಡಿ. ಒಟ್ಟೋಮನ್ ಕಾಲದ ಆ ಕಲ್ಲಿನ ಸೇತುವೆ 1993ರ ನವೆಂಬರ್‌ನಲ್ಲಿ ಕ್ರೊಯಾಟ್ ಪಡೆಗಳ ಟ್ಯಾಂಕ್ ದಾಳಿಗೆ ನದಿಗೆ ಬಿತ್ತು. ಇದು ಯುದ್ಧಾಪರಾಧ ಎಂದು ಹಳೆಯ ಯುಗೊಸ್ಲಾವಿಯಾದ ಯುದ್ಧಗಳಿಗಾಗಿ ವಿಶ್ವಸಂಸ್ಥೆ ರಚಿಸಿದ್ದ ನ್ಯಾಯಮಂಡಳಿಯ ಕೆಳಗಿನ ಪೀಠ ಹೇಳಿತು. ಎದುರಾಳಿ ಸೈನಿಕರೂ ಆ ಸೇತುವೆ ಬಳಸುತ್ತಿದ್ದರು, ಹಾಗಾಗಿ ಅದು ಸೇನೆಯ ಗುರಿಯೇ ಆಗಿತ್ತು ಎಂದು 2017ರಲ್ಲಿ ಮೇಲ್ಮನವಿ ಪೀಠ ಆ ತೀರ್ಪನ್ನು ತಿರುಗಿಸಿತು. ನ್ಯಾಯಾಧೀಶರಲ್ಲೇ ಒಮ್ಮತ ಇರಲಿಲ್ಲ. ನನಗಂತೂ ಆ ತೀರ್ಪು ಈಗಲೂ ಗಂಟಲಲ್ಲಿ ಇಳಿಯುವುದಿಲ್ಲ.

1999ರಲ್ಲಿ ಹೇಗ್ ಒಪ್ಪಂದಕ್ಕೆ ಇನ್ನೊಂದು ಪ್ರೋಟೊಕಾಲ್, ಅಂದರೆ ಪೂರಕ ಒಪ್ಪಂದ, ಬರೆದು ಕಿಂಡಿಯನ್ನು ಕಿರಿದು ಮಾಡಿದರು. ಬ್ರಿಟನ್, ಫ್ರಾನ್ಸ್ ಅದಕ್ಕೆ ಸೇರಲು 2017 ಬಂತು. ಅಮೆರಿಕ, ರಷ್ಯಾ, ಚೀನಾ ಸೇರಿಯೇ ಇಲ್ಲ.

ಇನ್ನು ಶಿಕ್ಷೆ. ಮಾಲಿಯ ಟಿಂಬಕ್ಟುವಿನಲ್ಲಿ 2012ರಲ್ಲಿ ಸಂತರ ಗೋರಿಗಳನ್ನು ಒಡೆಸಿದ ಅಹ್ಮದ್ ಅಲ್ ಮಹ್ದಿಗೆ ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯ 2016ರಲ್ಲಿ ಒಂಬತ್ತು ವರ್ಷ ಶಿಕ್ಷೆ ಕೊಟ್ಟಿತು. ಅದು ದೊಡ್ಡ ತೀರ್ಪೇ ಸರಿ. ಅದು ಸಾಧ್ಯವಾದದ್ದು ಮಾಲಿ ಸರ್ಕಾರವೇ ನ್ಯಾಯಾಲಯದ ಬಾಗಿಲು ತಟ್ಟಿದ್ದರಿಂದ. ಸಿರಿಯಾ ಆ ನ್ಯಾಯಾಲಯದ ಸದಸ್ಯ ದೇಶವಲ್ಲ. ಅಲ್ಲಿನ ಯುದ್ಧವನ್ನು ಭದ್ರತಾ ಮಂಡಳಿ ಮೂಲಕ ನ್ಯಾಯಾಲಯಕ್ಕೆ ಒಯ್ಯುವ ಪ್ರಯತ್ನ 2014ರ ಮೇ ತಿಂಗಳಲ್ಲಿ ನಡೆಯಿತು. ರಷ್ಯಾ ಮತ್ತು ಚೀನಾ ವೀಟೊ ಹಾಕಿದವು. ಮರುವರ್ಷ ಐಸಿಸ್ ಪಾಲ್ಮೈರಾದ ಬೆಲ್ ಗುಡಿಯನ್ನು ಸ್ಫೋಟಿಸಿತು. ಆ ಊರಿನ ಪುರಾತತ್ವಜ್ಞ ಖಾಲಿದ್ ಅಲ್ ಅಸಾದ್ ಅವರನ್ನು ಕೊಂದಿತು. 2016ರಲ್ಲಿ ಊರು ಮರಳಿ ಸಿರಿಯಾ ಸರ್ಕಾರದ ವಶವಾದಾಗ ವೀಟೊ ಹಾಕಿದ ಅದೇ ರಷ್ಯಾ ಅಲ್ಲಿನ ರೋಮನ್ ರಂಗಮಂದಿರದಲ್ಲಿ ಸಂಗೀತ ಕಛೇರಿ ಏರ್ಪಡಿಸಿ ಜಗತ್ತಿಗೆಲ್ಲ ತೋರಿಸಿತು. ಅದೇ ವರ್ಷದ ಡಿಸೆಂಬರ್‌ನಲ್ಲಿ ಊರು ಮತ್ತೆ ಐಸಿಸ್ ಕೈ ಸೇರಿತು. ಸ್ಮಾರಕ ಉಳಿಸಿದವರು ನಾವು ಎಂದು ಹೇಳಿಕೊಳ್ಳಲು ಎಲ್ಲರಿಗೂ ಇಷ್ಟ, ಅಲ್ವಾ?

ಈಗ ನಿಮ್ಮ ಎರಡನೆಯ ಪ್ರಶ್ನೆ. ಇದನ್ನು ಸುಮ್ನೆ ತಳ್ಳಿಹಾಕಲು ಆಗುವುದಿಲ್ಲ, ಏಕೆಂದರೆ ಸಾಗಿಸಿ ಉಳಿಸಿದ ಉದಾಹರಣೆಗಳಿವೆ. ಸ್ಪೇನಿನ ಅಂತರ್ಯುದ್ಧದ ಕೊನೆಯಲ್ಲಿ, 1939ರ ಫೆಬ್ರವರಿಯಲ್ಲಿ, ಪ್ರಾಡೊ ಮ್ಯೂಸಿಯಂನ ಚಿತ್ರಗಳನ್ನು ಲಾರಿಗಳಲ್ಲಿ ಗಡಿ ದಾಟಿಸಿ ವಿಶ್ವಸಂಸ್ಥೆಗೂ ಮೊದಲಿದ್ದ, ಜಿನೀವಾದ ಲೀಗ್ ಆಫ್ ನೇಷನ್ಸ್ ವಶಕ್ಕೆ ಕೊಟ್ಟರು. ಒಂದೇ ವರ್ಷದಲ್ಲಿ ಅವು ಮ್ಯಾಡ್ರಿಡ್‌ಗೆ ಮರಳಿದವು. ಕಳಿಸಿದ್ದು ಗಣರಾಜ್ಯದ ಸರ್ಕಾರ, ಪಡೆದುಕೊಂಡದ್ದು ಅದನ್ನು ಸೋಲಿಸಿದ ಫ್ರಾಂಕೊ. ಆಗಲಿ, ಚಿತ್ರಗಳು ಸ್ಪೇನಿನವೇ ಆಗಿದ್ದವು, ಸ್ಪೇನಿಗೇ ಹೋದವು.

ಪೋಲೆಂಡಿನ ಕಥೆ ಇಷ್ಟು ಸಲೀಸಲ್ಲ. ಕ್ರಾಕೋವ್‌ನ ವಾವೆಲ್ ಕೋಟೆಯ ನೇಯ್ಗೆ ಚಿತ್ರಗಳು ಹಿಟ್ಲರನ ಸೈನ್ಯದಿಂದ ತಪ್ಪಿಸಿಕೊಂಡು 1940ರಲ್ಲಿ ಕೆನಡಾ ತಲುಪಿದವು. ಯುದ್ಧ ಮುಗಿಯುವಷ್ಟರಲ್ಲಿ ವಾರ್ಸಾದಲ್ಲಿ ಕಮ್ಯುನಿಸ್ಟ್ ಸರ್ಕಾರ ಬಂದಿತ್ತು. ಲಂಡನ್ನಿನಲ್ಲಿದ್ದ ಹಳೆಯ ಸರ್ಕಾರ ತಾನೇ ನಿಜವಾದ ಪೋಲೆಂಡ್ ಎನ್ನುತ್ತಿತ್ತು. ಚಿತ್ರಗಳನ್ನು ಇಟ್ಟಿದ್ದ ಕೆನಡಾದ ಕ್ವಿಬೆಕ್ ಪ್ರಾಂತ್ಯದ ಪ್ರಧಾನಿ ಮಾರಿಸ್ ದುಪ್ಲೆಸಿ ಕಮ್ಯುನಿಸ್ಟರಿಗೆ ಕೊಡಲಾರೆ ಎಂದು ಹಟ ಹಿಡಿದರು. ಅವರು 1959ರಲ್ಲಿ ತೀರಿಕೊಂಡ ಮೇಲಷ್ಟೇ ದಾರಿ ತೆರೆಯಿತು. ಚಿತ್ರಗಳು ಕ್ರಾಕೋವ್ ಸೇರಿದ್ದು 1961ರಲ್ಲಿ. ಒಳ್ಳೆಯ ಮನಸ್ಸಿನಿಂದ ಕೊಟ್ಟ ಆಸರೆ ಇಪ್ಪತ್ತು ವರ್ಷದ ಒತ್ತೆ ಆಯಿತು.

ಹಾಗಾಗಿ ನನ್ನ ಉತ್ತರ ಇದು. ಸಾಗಿಸಬಹುದು. ಆದರೆ ಕೇಳುವವರು ಆ ನೆಲದವರಾಗಿರಬೇಕು. ಯಾವಾಗ, ಯಾರಿಗೆ ಮರಳಿಸುತ್ತೇವೆ ಎಂಬುದು ಹೊರಡುವ ಮೊದಲೇ ಬರಹದಲ್ಲಿರಬೇಕು. ಹೀಗೆ ಇರಿಸಿಕೊಂಡ ವಸ್ತುವನ್ನು ಯುದ್ಧ ಮುಗಿದ ಮೇಲೆ ಮರಳಿಸಬೇಕೆಂದು 1954ರ ಮೊದಲ ಪ್ರೋಟೊಕಾಲ್ ಹೇಳುತ್ತದೆ. ನೀವು ಹೇಳುವ 'ದೊಡ್ಡ ಮ್ಯೂಸಿಯಂ'ಗಳಲ್ಲಿ ಕೆಲವು ಹಳೆಯ ಸಾಮ್ರಾಜ್ಯದ ಕಾಲದಲ್ಲಿ ತಂದದ್ದನ್ನೇ ಇನ್ನೂ ಮರಳಿಸಿಲ್ಲ. ಅವರ ಮೇಲೆ ಬಡ ದೇಶಗಳಿಗೆ ನಂಬಿಕೆ ಬರದಿದ್ದರೆ ತಪ್ಪೇನು? ಸ್ವಿಟ್ಜರ್ಲೆಂಡಿನ ಬೂಬೆನ್‌ಡಾರ್ಫ್ ಎಂಬ ಸಣ್ಣ ಊರಿನಲ್ಲಿ ಅಫ್ಘನ್ ವಸ್ತುಗಳನ್ನು ಜೋಪಾನ ಮಾಡಿದವರು 2007ರಲ್ಲಿ ಅವನ್ನು ಕಾಬೂಲ್‌ಗೆ ಕಳಿಸಿಕೊಟ್ಟರು. ಅಂಥವರೂ ಇದ್ದಾರೆ. ಟಿಂಬಕ್ಟುವಿನ ಹಸ್ತಪ್ರತಿಗಳಂತೂ ಹೊರದೇಶಕ್ಕೇ ಹೋಗಲಿಲ್ಲ. ಅಲ್ಲಿನ ಜನರೇ ಪೆಟ್ಟಿಗೆಗಳಲ್ಲಿ ತುಂಬಿ, ಕದ್ದುಮುಚ್ಚಿ ರಾಜಧಾನಿ ಬಮಾಕೊಗೆ ಸಾಗಿಸಿದರು.

ಗಾಜಾದಿಂದ ಪ್ರದರ್ಶನಕ್ಕೆಂದು ಬಂದ 500ಕ್ಕೂ ಹೆಚ್ಚು ಪ್ರಾಚೀನ ವಸ್ತುಗಳು 2007ರಿಂದ ಜಿನೀವಾದಲ್ಲೇ ಸಿಕ್ಕಿಕೊಂಡವು. ಮರಳಿ ಕಳಿಸಲು ಸುರಕ್ಷಿತ ದಾರಿಯೇ ಇರಲಿಲ್ಲ. ಹೀಗೆ ಸಿಕ್ಕಿಕೊಂಡದ್ದರಿಂದಲೇ ಅವು ಉಳಿದವು, ನಿಮ್ಮ ವಾದಕ್ಕೆ ಇದಕ್ಕಿಂತ ಬಲವಾದ ಸಾಕ್ಷಿ ಇಲ್ಲ. ಆದರೆ ಮರಳಿ ಹೋಗುವ ದಿನ ಬಂದರೆ ಅಲ್ಲಿ ಅವನ್ನು ಇಡಲು ಮ್ಯೂಸಿಯಂ ಕಟ್ಟಿಕೊಡುವವರು ಯಾರು, ಬೀಗದ ಕೈ ಯಾರ ಕೈಯಲ್ಲಿರುತ್ತದೆ ಎಂಬುದು ಇನ್ನೂ ತೀರ್ಮಾನವಾಗಿಲ್ಲ.

– ಸಂಪಾದಕ