ಸಭಾಕಂಪನಕ್ಕೆ ಯಾವ ಥೆರಪಿ? ಮೊದಲು ಕೈಯಲ್ಲಿರುವ ಹಾಳೆ ಕೆಳಗಿಡಿ

ಪ್ರಶ್ನೆ: ನಾನು ಪ್ರೌಢಶಾಲೆ ಶಿಕ್ಷಕಿ. ತರಗತಿಯಲ್ಲಿ ಸಲೀಸಾಗಿ ಪಾಠ ಮಾಡುತ್ತೇನೆ. ವೇದಿಕೆ ಮೇಲೆ ಸ್ವಾಗತ ಭಾಷಣ ಅಂದರೆ ಗಂಟಲು ಒಣಗುತ್ತದೆ, ಕೈ ನಡುಗುತ್ತದೆ. ಬರೆದುಕೊಂಡು ಹೋಗಿ ಎಷ್ಟೋ ಸಲ ಓದಿದ್ದೇನೆ, ಭಯ ಹೋಗಿಲ್ಲ. ಸಿಬಿಟಿ (ಯೋಚನೆ, ನಡವಳಿಕೆ ಎರಡನ್ನೂ ಬದಲಿಸುವ ಚಿಕಿತ್ಸೆ), ಎಕ್ಸ್‌ಪೋಶರ್ (ಹೆದರುವುದನ್ನೇ ಎದುರಿಸುವುದು), ವಿಆರ್ (ಕಣ್ಣಿಗೆ ಕಟ್ಟುವ ಸಾಧನದಲ್ಲಿ ಕಾಣುವ ಕೃತಕ ಸಭೆ), ಧ್ಯಾನ, ಇವುಗಳಲ್ಲಿ ಯಾವುದು ಒಳ್ಳೆಯದು?

ಉತ್ತರ: ಈ ಪ್ರಶ್ನೆ ಬರದ ತಿಂಗಳೇ ಇಲ್ಲ. ಎಲ್ಲರಿಗೂ ಥೆರಪಿಯ ಹೆಸರು ಬೇಕು, ಎದ್ದು ನಿಂತು ಮಾತಾಡುವ ಕೆಲಸ ಮಾತ್ರ ಬೇಡ.

ಈ ಹೋಲಿಕೆ ಹೊಸದೇನಲ್ಲ. ಭಾಷಣಕ್ಕೆ ಹೆದರುವ ಕಾಲೇಜು ವಿದ್ಯಾರ್ಥಿಗಳ ಮೇಲೆ ಅಮೆರಿಕದ ಮನಶ್ಶಾಸ್ತ್ರಜ್ಞ ಗಾರ್ಡನ್ ಪಾಲ್ ನಡೆಸಿದ ಅಧ್ಯಯನ 1966ರಲ್ಲೇ ಪ್ರಕಟವಾಯಿತು. ಒಂದು ಗುಂಪು ಮೈ ಸಡಿಲಿಸಿಕೊಂಡು ಭಯದ ಸನ್ನಿವೇಶಗಳನ್ನು ಹಂತಹಂತವಾಗಿ ಕಲ್ಪಿಸಿಕೊಂಡಿತು. ಇನ್ನೊಂದಕ್ಕೆ ಭಯದ ಮೂಲ ಕೆದಕುವ ಮಾತುಕತೆ. ಮತ್ತೊಂದಕ್ಕೆ ಒಂದಿಷ್ಟು ಆರೈಕೆ, ಜೊತೆಗೆ ಔಷಧಿ ಅಂತ ನಂಬಿಸಿ ಕೊಟ್ಟ ಸುಳ್ಳು ಮಾತ್ರೆ. ಗೆದ್ದದ್ದು ಮೊದಲನೆಯದು. ಕೆದಕುವ ಮಾತುಕತೆ ಸುಳ್ಳು ಮಾತ್ರೆಗಿಂತ ಜಾಸ್ತಿ ಏನೂ ಮಾಡಲಿಲ್ಲ. ಆದ್ದರಿಂದ ಬರೀ ವೇದಿಕೆ ಭಯಕ್ಕೆ ನಿಮ್ಮ ಬಾಲ್ಯವನ್ನು ವರ್ಷಗಟ್ಟಲೆ ಅಗೆಯುವವರ ಹತ್ತಿರ ಹೋಗಬೇಡಿ.

ಸಿಬಿಟಿ ಮತ್ತು ಎಕ್ಸ್‌ಪೋಶರ್ ಎದುರಾಳಿಗಳೇ ಅಲ್ಲ. ಹೆದರುವ ಕೆಲಸವನ್ನೇ ಮಾಡಿ ನೋಡುವುದು ಸಿಬಿಟಿಯ ಜೀವಾಳ. ಅದನ್ನು ಮಾಡಿಸದೆ ಬರೀ 'ಪಾಸಿಟಿವ್ ಆಗಿ ಯೋಚಿಸಿ' ಅನ್ನುವವರು ಸಿಬಿಟಿ ಮಾಡುತ್ತಿಲ್ಲ. ಕೇಳುವ ಜನ ಸಿಗದಿದ್ದರೆ ವಿಆರ್ ಒಳ್ಳೆಯ ಮೊದಲ ಮೆಟ್ಟಿಲು. ನಿಮಗೆ ಅದು ದಂಡ, ಶಾಲೆ ತುಂಬ ಜನ ಇದ್ದಾರಲ್ಲ. ಧ್ಯಾನ ಮಾಡಿ, ಬೇಡ ಅನ್ನುವುದಿಲ್ಲ. ಆದರೆ ಯಾವ ಕಾಯಿಲೆಗೆ ಯಾವ ಚಿಕಿತ್ಸೆ ಅಂತ ಹೇಳುವ ಬ್ರಿಟನ್ನಿನ ನೈಸ್ ಸಂಸ್ಥೆಯ 2013ರ ಮಾರ್ಗಸೂಚಿ ಸಾಮಾಜಿಕ ಆತಂಕಕ್ಕೆ ಮೊದಲು ಸಿಬಿಟಿ ಕೊಡಿ ಅನ್ನುತ್ತದೆ. ಮೈಂಡ್‌ಫುಲ್‌ನೆಸ್ (ಈ ಕ್ಷಣದ ಮೇಲೆ ಗಮನ ಇಡುವ ಧ್ಯಾನ) ಅನ್ನು ವಾಡಿಕೆಯ ಚಿಕಿತ್ಸೆಯಾಗಿ ಕೊಡಬೇಡಿ ಅಂತಲೂ ಹೇಳುತ್ತದೆ.

ಇನ್ನು 'ಎಷ್ಟೋ ಸಲ ಓದಿದ್ದೇನೆ' ಅಂದಿರಲ್ಲ ಟೀಚರೇ, ತೊಂದರೆ ಅಲ್ಲೇ ಇದೆ. ಹಾಳೆ ಬಿಗಿಯಾಗಿ ಹಿಡಿದು, ಯಾರ ಮುಖವನ್ನೂ ನೋಡದೆ, ಗಡಗಡ ಓದಿ ಇಳಿಯುತ್ತೀರಿ. ಮನಸ್ಸು ಏನು ಕಲಿಯುತ್ತದೆ? 'ಹಾಳೆ ಇತ್ತು, ಬಚಾವಾದೆ.' ಮನಶ್ಶಾಸ್ತ್ರಜ್ಞರಾದ ಡೇವಿಡ್ ಕ್ಲಾರ್ಕ್ ಮತ್ತು ಏಡ್ರಿಯನ್ ವೆಲ್ಸ್ 1995ರಲ್ಲಿ ವಿವರಿಸಿದ್ದು ಇದನ್ನೇ. ಇಂಥ ಆಸರೆಗಳೇ ಭಯವನ್ನು ಸಾಕುತ್ತವೆ. ಕೆಲವು ಸಲ ಅದನ್ನು ಎತ್ತಿಯೂ ತೋರಿಸುತ್ತವೆ. ಬೆರಳಿನ ಸಣ್ಣ ನಡುಕ ಮೂರನೇ ಸಾಲಿಗೆ ಕಾಣುವುದಿಲ್ಲ. ಅದೇ ಬೆರಳಲ್ಲಿ ತೆಳ್ಳನೆಯ ಎ4 ಹಾಳೆ ಇದ್ದರೆ ಪಟಪಟ ಅನ್ನುತ್ತದೆ, ಮೈಕಿಗೂ ಕೇಳಿಸುತ್ತದೆ.

ಸ್ಟಾಫ್ ರೂಮ್‌ನಲ್ಲಿ ನಾಲ್ಕು ಜನರ ಮುಂದೆ ಎರಡು ನಿಮಿಷ ಹಾಳೆ ಹಿಡಿದು ಮಾತಾಡಿ. ಮತ್ತೆ ಎರಡು ನಿಮಿಷ ಬರಿಗೈಯಲ್ಲಿ, ಅವರ ಮುಖ ನೋಡುತ್ತಾ. ಎರಡನ್ನೂ ಮೊಬೈಲಿನಲ್ಲಿ ವಿಡಿಯೋ ಮಾಡಿಸಿ. ನೋಡುವ ಮೊದಲು ಕೈ ಎಷ್ಟು ನಡುಗಿತು, ದನಿ ಎಷ್ಟು ಅದುರಿತು ಅಂತ ಹತ್ತಕ್ಕೆ ಅಂಕ ಬರೆದಿಡಿ. ಆಮೇಲೆ ಬೇರೆ ಯಾರನ್ನೋ ನೋಡುವ ಹಾಗೆ ನೋಡಿ, ಅಂಕ ತಾಳೆ ಹಾಕಿ. ಹೆಚ್ಚಿನವರು ತಮಗೆ ಅನಿಸಿದ್ದಕ್ಕಿಂತ ಎಷ್ಟೋ ಚೆನ್ನಾಗಿ ಕಾಣುತ್ತಾರೆ. ನಂತರ ಬೆಳಗಿನ ಪ್ರಾರ್ಥನೆ, ಪೋಷಕರ ಸಭೆ, ಕೊನೆಗೆ ವಾರ್ಷಿಕೋತ್ಸವ. ಭಯ ಪೂರ್ತಿ ಹೋಗಲಿ ಅಂತ ಕಾಯಬೇಡಿ.

ಪ್ರಶ್ನೆ: ಸ್ಟೇಜ್ ಹತ್ತುವ ಮುಂಚೆ ಗೆಳೆಯ ಕೊಟ್ಟ, ಎದೆಬಡಿತ ತಗ್ಗಿಸುವ ಪ್ರೊಪ್ರನಲಾಲ್ ಮಾತ್ರೆ ತಗೋಬಹುದಾ?

ಉತ್ತರ: ಗೆಳೆಯ ಡಾಕ್ಟರಾ? ಅಸ್ತಮಾ ಇದ್ದವರಿಗೆ ಅದು ಅಪಾಯ. ವೈದ್ಯರು ಬರೆದುಕೊಡದೆ ಮುಟ್ಟಬೇಡಿ.

ಪ್ರಶ್ನೆ: ಎರಡೇ ದಿನದ ಹಿಪ್ನಾಟಿಸಂ ಶಿಬಿರ, ಗ್ಯಾರಂಟಿ ಅಂತಾರೆ. ಸೇರಲಾ?

ಉತ್ತರ: ಗ್ಯಾರಂಟಿ ಅಂದ ಕೂಡಲೇ ವಾಪಸ್ ಬನ್ನಿ. ಕ್ಲಿನಿಕಲ್ ಸೈಕಾಲಜಿಸ್ಟ್ ಅಂತ ಬೋರ್ಡ್ ಹಾಕಿಕೊಂಡಿದ್ದರೆ ಆರ್‌ಸಿಐ (ಭಾರತೀಯ ಪುನರ್ವಸತಿ ಪರಿಷತ್ತು) ನೋಂದಣಿ ಸಂಖ್ಯೆ ಕೇಳಿ.

ಪ್ರಶ್ನೆ: ಒಂದು ಪೆಗ್ ಹಾಕಿದರೆ ಧೈರ್ಯ ಬರುತ್ತೆ ಅಲ್ವಾ?

ಉತ್ತರ: ಅದೂ ಆ ಹಾಳೆಯ ಅಣ್ಣನೇ. ಚಟವಾದರೆ ನನ್ನ ಹತ್ತಿರ ಬರುವ ಕಾರಣ ಎರಡಾಗುತ್ತದೆ.

ಪ್ರಶ್ನೆ: ಥೆರಪಿಗೆ ದುಡ್ಡಿಲ್ಲ, ಏನು ಮಾಡಲಿ?

ಉತ್ತರ: ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, 14416. ಉಚಿತ, ಕನ್ನಡದಲ್ಲೇ ಮಾತಾಡಬಹುದು.