ಅರಣ್ಯ ಹಕ್ಕು ಕೊಟ್ಟರೆ ಶಿರಸಿಯ ಕಾಡು ಉಳಿದೀತೇ?

ಉಳಿಯುತ್ತದೆ ಎಂದೇ ನಾನು ನಂಬುತ್ತೇನೆ; ಆದರೆ ವೈಯಕ್ತಿಕ ಪಟ್ಟಾಕ್ಕಿಂತ, 2006ರ ಅರಣ್ಯ ಹಕ್ಕು ಕಾಯ್ದೆಯಲ್ಲಿರುವ, ಇಡೀ ಊರಿಗೆ ಸೇರಿ ಸಿಗುವ ಸಾಮುದಾಯಿಕ ಹಕ್ಕು ಇಲ್ಲಿ ಮುಖ್ಯ. ಹುಳಿ ಸಿಪ್ಪೆಗಾಗಿ ಕೊಯ್ಯುವ ಕಾಡುಹಣ್ಣು ಉಪ್ಪಾಗೆಯನ್ನೇ ನೋಡಿ: ಮರ ಯಾರ ಪಾಲಿನದೆಂದು ಖಚಿತವಿಲ್ಲದ ಕಡೆ, ಇನ್ನೊಬ್ಬರು ಕೊಯ್ದುಬಿಟ್ಟಾರೆಂಬ ಆತುರದಲ್ಲಿ, ಕಾಯಿ ಹಣ್ಣಾಗುವ ಮೊದಲೇ ಕೊಂಬೆಗಳನ್ನೇ ಕಡಿಯುತ್ತಾರೆ, ಬೀಜ ಬಲಿಯದೆ ಹೊಸ ಸಸಿಯೂ ಹುಟ್ಟುವುದಿಲ್ಲ. ಕೊಯ್ಲಿನ ಕಾಲವನ್ನು ನಿರ್ಧರಿಸುವ, ಹೊರಗಿನವರನ್ನು ತಡೆಯುವ ಅಧಿಕಾರ ಗ್ರಾಮಸಭೆಗೆ ಸಿಕ್ಕರೆ, ಮಳೆಗಾಲದಲ್ಲಿ ಹಣ್ಣು ಉದುರುವವರೆಗೆ ಕಾಯುವುದು ಯಾರಿಗೂ ನಷ್ಟವಾಗದು.

ತೊಡಕಿರುವುದು ಪುರಾವೆಯಲ್ಲಿ. ಪರಿಶಿಷ್ಟ ಪಂಗಡದ ಪಟ್ಟಿಯಲ್ಲಿಲ್ಲದ, ಉತ್ತರ ಕನ್ನಡ ಜಿಲ್ಲೆಯ ಹಾಲಕ್ಕಿ ಒಕ್ಕಲಿಗ ಸಮುದಾಯದವರು ಈ ಹಕ್ಕು ಪಡೆಯಲು 75 ವರ್ಷಗಳ ವಾಸವನ್ನು ಸಾಬೀತುಪಡಿಸಬೇಕು. ಓದುಬರಹವೇ ತಲುಪದಿದ್ದ ಮನೆಗಳಿಂದ ಹಳೆಯ ಕಾಗದಪತ್ರವನ್ನಷ್ಟೇ ಕೇಳುವುದು ಅನ್ಯಾಯ. ಅರ್ಜಿದಾರರಲ್ಲದ ಊರ ಹಿರಿಯರ ಲಿಖಿತ ಹೇಳಿಕೆಯನ್ನೂ ನಿಯಮಗಳು ಸಾಕ್ಷ್ಯವೆಂದು ಒಪ್ಪುತ್ತವೆ.